ಕನ್ನಡದಲ್ಲಿ ಉಳಿದಿರುವ ಹಳೆಯ ಇಂಗ್ಲಿಷ್ ಪದಗಳು

ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ, ಅಥವಾ ಅಲ್ಲಿ ಯಾವುದೋ ಒಂದು ಪ್ರದೇಶಕ್ಕೆ ಇಲ್ಲವೆ ವೃತ್ತಿಗೆ ಮಾತ್ರ ಸೀಮಿತವಾದ ಹಲವು ಇಂಗ್ಲಿಷ್ ಪದಗಳು ಕನ್ನಡದ ಆಡುಮಾತಿನಲ್ಲಿಯೂ ಕಚೇರಿ ಬರಹದಲ್ಲಿಯೂ ಉಳಿದುಕೊಂಡಿವೆ. ಸ್ಟೆಪ್ನಿ, ಡಿಕ್ಕಿ, ಟಿಫಿನ್, ಕಂಪೌಂಡರ್, ಪ್ಲೀಡರ್, ಫರ್ಲಾಂಗ್, ಏರೋಡ್ರೋಮ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೆಲವು ಮೂಲ ಅರ್ಥದಲ್ಲಿಯೇ ಉಳಿದಿದ್ದರೆ, ಇನ್ನು ಕೆಲವು ಕನ್ನಡಕ್ಕೆ ಬಂದ ಮೇಲೆ ಹೊಸ ಅರ್ಥವನ್ನು ಪಡೆದಿವೆ. ಆದ್ದರಿಂದ ಇಂದಿನ ಇಂಗ್ಲಿಷಿನ ಸಮಾನಪದವು ಎಲ್ಲ ಸಂದರ್ಭಗಳಲ್ಲಿಯೂ ಇವುಗಳ ಸ್ಥಾನವನ್ನು ತುಂಬುವುದಿಲ್ಲ.

ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿತು. ಮುಂದೆ ದಕ್ಷಿಣ ಕನ್ನಡವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ನ್ಯಾಯಾಲಯ, ಕಂದಾಯ ಇಲಾಖೆ, ಆಸ್ಪತ್ರೆ ಮತ್ತು ಸಾರಿಗೆಯ ಮೂಲಕ ಆ ಕಾಲದ ಇಂಗ್ಲಿಷ್ ಪದಗಳು ಇಲ್ಲಿಯ ಭಾಷೆಗಳನ್ನು ಸೇರಿದವು.

ಇಂತಹ ಪದಗಳ ಅಧ್ಯಯನಕ್ಕೂ ಮಂಗಳೂರಿಗೂ ಸಂಬಂಧವಿದೆ. ಆಂಗ್ಲೋ-ಇಂಡಿಯನ್ ಪದಗಳ ಪ್ರಸಿದ್ಧ ನಿಘಂಟು 'ಹಾಬ್ಸನ್-ಜಾಬ್ಸನ್' (1886) ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ ಕೃತಿ. ಮದ್ರಾಸ್ ಸಿವಿಲ್ ಸೇವೆಯಲ್ಲಿದ್ದ ಬರ್ನೆಲ್ ದಕ್ಷಿಣ ಭಾರತದ ಲಿಪಿಗಳ ಕುರಿತು ಬರೆದ ಗ್ರಂಥದ ಮೊದಲ ಮುದ್ರಣವು 1874ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಬಾಸೆಲ್ ಮಿಷನ್ನಿನ ಮೂಲಕ ಮಂಗಳೂರಿನಿಂದ ಹೊರಬಂದ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು (1886) ಮತ್ತು ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು (1894) ಅರ್ಥವಿವರಣೆಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷನ್ನೇ ಬಳಸಿವೆ.

ಸಾರಿಗೆ

ಏರೋಡ್ರೋಮ್: ಗ್ರೀಕ್ ಭಾಷೆಯ 'ಗಾಳಿ' ಮತ್ತು 'ಓಟದ ಅಂಗಣ' ಎಂಬ ಅರ್ಥದ ಪದಗಳಿಂದ ಆದ ಶಬ್ದ. ಬಜಪೆಯ ವಿಮಾನ ನಿಲ್ದಾಣವು 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿಯುವುದರೊಂದಿಗೆ ಆರಂಭವಾಯಿತು. ಹಿಂದೆ ಬಜಪೆ ಏರೋಡ್ರೋಮ್ ಎನಿಸಿಕೊಂಡಿದ್ದ ಇದು ಈಗ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಾಗಿದೆ. ಸಾಮಾನ್ಯ ಮಾತಿನಲ್ಲಿ 'ಏರ್‌ಪೋರ್ಟ್' ಈ ಪದವನ್ನು ಬದಿಗೆ ಸರಿಸಿದ್ದರೂ, ವಿಮಾನಯಾನದ ನಿಯಮಗಳಲ್ಲಿ ಮತ್ತು ಪರವಾನಗಿಗಳಲ್ಲಿ 'ಏರೋಡ್ರೋಮ್' ಇಂದಿಗೂ ಅಧಿಕೃತ ಪದ.

ಸ್ಟೆಪ್ನಿ: ವಾಹನದ ಹೆಚ್ಚುವರಿ ಚಕ್ರ. ಆರಂಭದ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ವೇಲ್ಸ್‌ನ ಲನೆಲ್ಲಿ ಪಟ್ಟಣದ ಡೇವಿಸ್ ಸಹೋದರರು 1904ರಲ್ಲಿ ಗಾಳಿ ಹೋದ ಚಕ್ರಕ್ಕೆ ಬಿಗಿದು ಕಟ್ಟಬಹುದಾದ, ಟೈರು ಸಹಿತವಾದ ಹೊರಬಳೆಯನ್ನು ತಯಾರಿಸಿದರು. ಅಂಗಡಿಯಿದ್ದ ಸ್ಟೆಪ್ನಿ ಬೀದಿಯ ಹೆಸರೇ ವಸ್ತುವಿಗೂ ಬಂತು. ಬ್ರಿಟನ್ನಿನಲ್ಲಿ ಈಗ 'ಸ್ಪೇರ್ ವ್ಹೀಲ್' ಬಳಕೆಯಲ್ಲಿದೆ. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಇದೇ ಪದ 'ಎಸ್ಟೆಪಿ' ಎಂಬ ರೂಪದಲ್ಲಿ ಉಳಿದಿದೆ.

ಡಿಕ್ಕಿ: ಕಾರಿನ ಹಿಂಭಾಗದ ಸಾಮಾನು ಇಡುವ ಜಾಗ. ಕುದುರೆ ಸಾರೋಟಿನ ಹಿಂಬದಿಯಲ್ಲಿ ಸೇವಕರು ಕೂರುತ್ತಿದ್ದ ಆಸನಕ್ಕೆ, ಬಳಿಕ ಹಳೆಯ ಕಾರುಗಳ ಹಿಂದಿನ ಮಡಚುವ ಆಸನಕ್ಕೆ ಈ ಹೆಸರಿತ್ತು. ಆಸನ ಮರೆಯಾದ ಮೇಲೆ ಭಾರತದಲ್ಲಿ ಹೆಸರು ಜಾಗಕ್ಕೆ ಉಳಿಯಿತು. ಇಂದು ಬ್ರಿಟನ್ನಿನಲ್ಲಿ 'ಬೂಟ್', ಅಮೆರಿಕದಲ್ಲಿ 'ಟ್ರಂಕ್' ಎನ್ನುತ್ತಾರೆ. 'ಡಿಕ್ಕಿ ಹೊಡೆ' ಎಂಬಲ್ಲಿನ ಡಿಕ್ಕಿಯೇ ಬೇರೆ ಪದ.

ಊಟ ಮತ್ತು ಮನೆ

ಟಿಫಿನ್: ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು ಎಂಬ ಅರ್ಥದ 'ಟಿಫಿಂಗ್' ಎಂಬ ಹಳೆಯ ಇಂಗ್ಲಿಷ್ ಆಡುಮಾತಿನಿಂದ ಬಂದುದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಭಾರತದಲ್ಲಿದ್ದ ಆಂಗ್ಲರು ಮಧ್ಯಾಹ್ನದ ಲಘು ಊಟಕ್ಕೆ ಇದನ್ನು ಬಳಸಿದರು. ಇದರ ಸ್ಥಾನದಲ್ಲಿ ಈಗಿನ ಇಂಗ್ಲಿಷಿನಲ್ಲಿರುವುದು 'ಲಂಚ್'. ಕನ್ನಡದಲ್ಲಾದರೋ ಟಿಫಿನ್ ಎಂದರೆ ಇಡ್ಲಿ, ದೋಸೆ, ಉಪ್ಪಿಟ್ಟಿನಂತಹ ತಿಂಡಿ. ಬೆಳಗ್ಗೆ ಅಥವಾ ಸಂಜೆ ತಿನ್ನುವಂಥದು.

ಕಂಪೌಂಡು: ಮಲಯ ಭಾಷೆಯ 'ಕಂಪೋಂಗ್' ಇದರ ಮೂಲವೆಂಬುದು ಹೆಚ್ಚಿನವರ ಅಭಿಪ್ರಾಯ. ಕನ್ನಡದಲ್ಲಿ ಆವರಣಕ್ಕೂ ಅದರ ಗೋಡೆಗೂ ಇದೇ ಪದವಿದೆ. ಮಂಗಳೂರಿನ ವಿಳಾಸಗಳಲ್ಲಿ ಕುಟುಂಬದ ಹೆಸರಿನೊಂದಿಗೆ 'ಕಂಪೌಂಡ್' ಸೇರಿಸಿ ಹಲವು ಮನೆಗಳಿರುವ ಹಿತ್ತಿಲನ್ನು ಗುರುತಿಸುವ ರೂಢಿಯಿದೆ.

ವೃತ್ತಿಗಳು

ವೈದ್ಯರು ಹೇಳಿದಂತೆ ಔಷಧಿ ಬೆರೆಸಿ ಕೊಡುವವನು 'ಕಂಪೌಂಡರ್'. ಸಿದ್ಧ ಮಾತ್ರೆಗಳು ಬಂದ ಮೇಲೆ ಬೆರೆಸುವ ಕೆಲಸ ಕಡಿಮೆಯಾಯಿತು. ಇಂದಿನ ಸಮಾನಪದ 'ಫಾರ್ಮಸಿಸ್ಟ್'. ಆದರೆ ಚಿಕ್ಕ ಚಿಕಿತ್ಸಾಲಯಗಳ ಸಹಾಯಕರನ್ನು ಕಂಪೌಂಡರ್ ಎಂದು ಕರೆಯುವುದು ನಿಂತಿಲ್ಲ.

'ಪ್ಲೀಡರ್' ಎಂಬುದು 1879ರ ಕಾಯಿದೆಯ ಅಡಿಯಲ್ಲಿ ವಕೀಲರ ಒಂದು ವರ್ಗವಾಗಿತ್ತು. 1961ರ ಅಡ್ವೊಕೇಟ್ಸ್ ಕಾಯಿದೆಯು 'ಅಡ್ವೊಕೇಟ್' ಎಂಬ ಒಂದೇ ವರ್ಗವನ್ನು ರೂಪಿಸಿತು. 'ಗವರ್ನಮೆಂಟ್ ಪ್ಲೀಡರ್' ಎಂಬ ಹುದ್ದೆಯ ಹೆಸರಿನಲ್ಲಿ ಹಳೆಯ ಪದ ಉಳಿದಿದೆ.

ಅಳತೆಗಳು

ನೇಗಿಲ ಸಾಲಿನ ಉದ್ದ ಎಂಬುದು 'ಫರ್ಲಾಂಗ್' ಪದದ ಮೂಲಾರ್ಥ. ಇದು 220 ಗಜ, ಅಂದರೆ ಸುಮಾರು 201 ಮೀಟರ್; ಎಂಟು ಫರ್ಲಾಂಗ್ ಸೇರಿದರೆ ಒಂದು ಮೈಲಿ. ಇಂದಿನ ಬ್ರಿಟನ್ನಿನಲ್ಲಿ ಇದು ಮುಖ್ಯವಾಗಿ ಕುದುರೆ ಪಂದ್ಯಕ್ಕೆ ಸೀಮಿತ. ಭಾರತವು 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿದ ನಂತರವೂ ಹಿರಿಯರ ಮಾತಿನಲ್ಲಿ 'ಒಂದು ಫರ್ಲಾಂಗು ದೂರ' ಕೇಳಿಬರುತ್ತದೆ.

ಕರಾವಳಿಯಲ್ಲಿ ಜಾಗದ ಅಳತೆ 'ಸೆಂಟ್ಸ್'. ಹಳೆ ಮೈಸೂರು ಸೀಮೆಯಲ್ಲಿ 'ಗುಂಟೆ'. ಒಂದು ಸೆಂಟ್ ಎಂದರೆ ಎಕರೆಯ ನೂರನೆಯ ಒಂದು ಭಾಗ (435.6 ಚದರ ಅಡಿ), ಒಂದು ಗುಂಟೆ ಎಂದರೆ ನಲವತ್ತನೆಯ ಒಂದು ಭಾಗ (1,089 ಚದರ ಅಡಿ). ಹೀಗಾಗಿ ಎರಡೂವರೆ ಸೆಂಟ್ಸ್ ಸೇರಿ ಒಂದು ಗುಂಟೆಯಾಗುತ್ತದೆ. ಕ್ರಯಪತ್ರದಲ್ಲಿ 10 ಸೆಂಟ್ಸ್ ಎಂದಿರುವ ಜಾಗವು 4 ಗುಂಟೆ. ಒಂದನ್ನು ಇನ್ನೊಂದೆಂದು ಓದಿದರೆ ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ ಬರುತ್ತದೆ. ಹಳೆಯ ದಾಖಲೆಗಳನ್ನು ಓದುವವರಿಗೆ ಈ ಪದಗಳ ಅರ್ಥ ತಿಳಿದಿರಬೇಕಾದುದು ಈ ಕಾರಣಕ್ಕಾಗಿ.

ಪೋರ್ಚುಗೀಸ್ ಮೂಲದ ಪದಗಳು

ಕನ್ನಡದಲ್ಲಿರುವ ಎಲ್ಲ ಐರೋಪ್ಯ ಪದಗಳೂ ಇಂಗ್ಲಿಷಿನಿಂದ ಬಂದವುಗಳಲ್ಲ. ಮೇಜು, ಸಾಬೂನು, ಚಾವಿ, ಬಟಾಟೆ, ಅಲಮಾರು ಮೊದಲಾದವುಗಳ ಮೂಲ ಪೋರ್ಚುಗೀಸ್. ಆದ್ದರಿಂದ ಇವುಗಳನ್ನು ಹಳೆಯ ಇಂಗ್ಲಿಷ್ ಪದಗಳ ಸಾಲಿಗೆ ಸೇರಿಸಲಾಗದು.

ಇಂದಿನ ಬಳಕೆ

ಇವುಗಳಲ್ಲಿ ಹಲವನ್ನು ತಪ್ಪು ಇಂಗ್ಲಿಷ್ ಎಂದು ತಿದ್ದುವುದುಂಟು. ಆದರೆ ಸ್ಟೆಪ್ನಿ, ಡಿಕ್ಕಿಗಳು ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿಯೂ ಚಾಲ್ತಿಯಲ್ಲಿದ್ದ ಪದಗಳೇ. ಅಲ್ಲಿ ಬದಲಾದ ಬಳಕೆ ಇಲ್ಲಿ ಬದಲಾಗಲಿಲ್ಲ. ಟಿಫಿನ್, ಕಂಪೌಂಡುಗಳು ಇಲ್ಲಿಯೇ ಬೆಳೆದು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನೂ ಪಡೆದಿವೆ. ವಸ್ತು ಅಥವಾ ವೃತ್ತಿ ಮರೆಯಾದಾಗ ಪದವೂ ಹಿಂದೆ ಸರಿಯುವುದನ್ನು ಪ್ಲೀಡರ್, ಫರ್ಲಾಂಗ್‌ಗಳಲ್ಲಿ ಕಾಣಬಹುದು. ಬಳಕೆ ಇರುವವರೆಗೆ ಪದ ಉಳಿಯುವುದಕ್ಕೆ ಸೆಂಟ್ಸ್ ಮತ್ತು ಸ್ಟೆಪ್ನಿ ಉದಾಹರಣೆಗಳಾಗಿವೆ.