ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಆರು ಟೆಟ್ರಾ

ದೀಪಾವಳಿಗೆ ಊರಿಗೆ ಹೊರಟಾಗ ಆರು ನಿಯಾನ್ ಟೆಟ್ರಾಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬೆಂಗಳೂರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದೆ. ರಾತ್ರಿಯೆಲ್ಲ ಚೀಲ ತೊಡೆಯ ಮೇಲೆ. ಯಾದಗಿರಿಯಲ್ಲಿಳಿದು, ಶಹಾಪುರ ದಾಟಿ ಸುರಪುರ ಮುಟ್ಟಿದಾಗ ಆರೂ ಜೀವಂತ! ಅವ್ವ ನೋಡಿ, "ಅಲ್ಲೋ ತಮ್ಮಾ, ನಮ್ಮ ಬೋನಾಳ ಕೆರ್ಯಾಗ ಮೀನ ಇಲ್ಲೇನು?" ಅಂದಳು :-)

ನನ್ನದೇನು ಪ್ರಯಾಣ ಬಿಡಿ, ಈ ಮೀನಿನ ಪೂರ್ವಜರದ್ದು ಇನ್ನೂ ದೊಡ್ಡದು. 1930ರ ದಶಕದಲ್ಲಿ ಆಗಸ್ಟ್ ರಬೋ ಎಂಬ ಫ್ರೆಂಚ್ ವ್ಯಕ್ತಿ ಅಮೆಜಾನ್ ಮೇಲ್ಕಣಿವೆಯಿಂದ ಇವನ್ನು ಯುರೋಪಿಗೆ ತಂದ. 1936ರಲ್ಲಿ ಕೆಲವು ಮೀನುಗಳು ಜರ್ಮನಿಯಿಂದ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲಿ ಅಮೆರಿಕಕ್ಕೆ ಹಾರಿದವು. (ಮರುವರ್ಷ ಮೇನಲ್ಲಿ ಸುಟ್ಟುಹೋಯಿತಲ್ಲ, ಅದೇ ಹಿಂಡೆನ್‌ಬರ್ಗ್.) ಅದೇ 1936ರಲ್ಲಿ ಜಾರ್ಜ್ ಮೈಯರ್ಸ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ, ಫಿಲಡೆಲ್ಫಿಯಾದ ಅಕ್ವೇರಿಯಂ ಪತ್ರಿಕೆಯ ಸಂಪಾದಕ ವಿಲಿಯಂ ಇನ್ನೆಸ್ ಗೌರವಾರ್ಥ. ಇದರ ತಂಗಿಯಂಥ ಕಾರ್ಡಿನಲ್ ಟೆಟ್ರಾಗೆ 1956ರ ಫೆಬ್ರವರಿಯಲ್ಲಿ ಒಂದೇ ದಿನದ ಅಂತರದಲ್ಲಿ ಎರಡು ಹೆಸರು ಅಚ್ಚಾದವು. ಒಂದು ದಿನ ಮೊದಲು ಬಂದದ್ದೇ ಗೆದ್ದಿತು.

ಇನ್ನು ನಮ್ಮ ಕಡೆಯ ಕತೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಅಂತ ಒಂದು ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಯಾವ ಆಹಾರ, ಗಾಳ ಹೇಗೆ... ಎಲ್ಲ ಅದರಲ್ಲಿದೆ. ಬೋನಾಳ ಕೆರೆಯನ್ನು ಮೊದಲು ಕಟ್ಟಿಸಿದವರು ಸುರಪುರದ ನಾಯಕ ಅರಸರು. 1840ರ ದಶಕದಲ್ಲಿ ಇಲ್ಲಿದ್ದ ಮೆಡೋಸ್ ಟೇಲರ್ ಅದನ್ನು ಮತ್ತೆ ದೊಡ್ಡದಾಗಿ ಕಟ್ಟಿಸಿದ.

ನನ್ನ ಟೆಟ್ರಾಗಳು ಮೇ ತಿಂಗಳು ದಾಟಲಿಲ್ಲ. ಅವಕ್ಕೆ ಬೇಕಾದದ್ದು ಅಮೆಜಾನಿನಂಥ ಮೆದು, ಸ್ವಲ್ಪ ಹುಳಿ ನೀರು, ಇಪ್ಪತ್ತೈದು ಡಿಗ್ರಿ ಆಸುಪಾಸು. ನಮ್ಮನೆ ಬೋರ್‌ವೆಲ್ ನೀರೋ, ಕಾಯಿಸಿದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥದ್ದು. ಮೇಲೆ ನಲವತ್ತು ದಾಟುವ ಬಿಸಿಲು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಪಂಪು ನಿಂತಿತು. ಸಂಜೆಯಷ್ಟರಲ್ಲಿ ಆರೂ ತೇಲುತ್ತಿದ್ದವು. ಬಣ್ಣ ಮಾಸಿತ್ತು. ಅವ್ವ ಏನೂ ಅನ್ನಲಿಲ್ಲ. ತುಳಸಿಕಟ್ಟೆ ಪಕ್ಕ ಗುಣಿ ತೋಡಿ ಹುಗಿದಳು.

ಆಮೇಲೆ ಹುಡುಕಿದಾಗ ಗೊತ್ತಾಯಿತು, ಕೃಷ್ಣಾ ಕಣಿವೆಯಲ್ಲೇ ಟಿಕ್ಟೊ ಬಾರ್ಬ್ ಎಂಬ ಚುಕ್ಕೆ ಮೀನು ಇದೆಯಂತೆ, ತೊಟ್ಟಿಯಲ್ಲೂ ಸಾಕಬಹುದು. 1822ರಲ್ಲಿ ಅದನ್ನು ವರ್ಣಿಸಿದವನು ಫ್ರಾನ್ಸಿಸ್ ಬುಕನನ್. ಹೌದು, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಅದೇ ಬುಕನನ್!

ಅಮೆಜಾನ್ ಮೀನಿನ ಲ್ಯಾಟಿನ್ ಹೆಸರು, ಅದನ್ನಿಟ್ಟ ಇಸವಿ ನನಗೆ ಬಾಯಿಪಾಠ. ಆದರೆ ಚಡ್ಡಿ ಹಾಕಿಕೊಂಡು ಬೋನಾಳ ದಂಡೆಯಲ್ಲಿ ಬೊಗಸೆಯಲ್ಲಿ ಹಿಡಿದ ಆ ಚುಕ್ಕೆ ಮೀನಿಗೆ ನಮ್ಮೂರಲ್ಲಿ ಏನಂತಾರೆ? ಗೊತ್ತಿಲ್ಲ. ಅಜ್ಜನಿಗೆ ಗೊತ್ತಿತ್ತು, ನಾನು ಕೇಳಲಿಲ್ಲ. ಈ ಸಲ ಊರಿಗೆ ಹೋದಾಗ ಕೆರೆ ಹತ್ತಿರ ಬಲೆ ಬೀಸುವವರನ್ನು ಕೇಳಿ ಬರೆದುಕೊಂಡು ಬರ್ತೀನಿ. ನಿಮ್ಮೂರ ಕೆರೆಯ ಮೀನುಗಳ ಹೆಸರು ನಿಮಗೆ ಗೊತ್ತಾ? ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಅಜ್ಜ ಇರುವಾಗಲೇ ಕೇಳಿಬಿಡಿ.