ನರಹತ್ಯೆಯ ತರತಮಗಳು ಮತ್ತು ದಂಡವಿಧಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ

ಮನುಷ್ಯನ ಪ್ರಾಣಹರಣವೆಂಬ ಒಂದೇ ಫಲವನ್ನುಳ್ಳ ಕೃತ್ಯಗಳನ್ನು, ಅವುಗಳನ್ನೆಸಗಿದವನ ಮನಃಸ್ಥಿತಿಗನುಸಾರವಾಗಿ ಗುರುತರ, ಲಘುತರವೆಂದು ವಿಂಗಡಿಸಿ, ಆಯಾ ತರಕ್ಕೆ ಉಚಿತವಾದ ದಂಡನೆಯನ್ನು ನಿಯಮಿಸುವ ಶಾಸನಕ್ರಮ. ಅಮೆರಿಕದಲ್ಲಿ 1794ರ ಪೆನ್ಸಿಲ್ವೇನಿಯ ಶಾಸನದಿಂದ ಮೊದಲಾದ ‘ಪ್ರಥಮ ದರ್ಜೆಯ ಕೊಲೆ’, ‘ದ್ವಿತೀಯ ದರ್ಜೆಯ ಕೊಲೆ’ ಎಂಬ ಹೆಸರುಗಳು ಭಾರತದ ಶಾಸನದಲ್ಲಿಲ್ಲ. ಆದರೆ ಆ ಭೇದದ ಸಾರ ಇಲ್ಲಿಯೂ ಉಂಟು. 1976ರಲ್ಲಿ ರಾಯವರಪು ಪುನ್ನಯ್ಯನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡನೀಯ ನರಹತ್ಯೆಯೆಂಬುದು ಜಾತಿ, ಕೊಲೆಯೆಂಬುದು ಅದರೊಳಗಣ ಒಂದು ಪ್ರಭೇದವೆಂದು ನಿರೂಪಿಸಿ, ಶಾಸನವು ಕಾರ್ಯತಃ ಮೂರು ತರಗಳನ್ನು ಅಂಗೀಕರಿಸಿದೆಯೆಂದು ವಿಶದಪಡಿಸಿತು.

ತುಂಗಭದ್ರೆಯ ಬಲದಂಡೆಯಿಂದ ಚಿಕ್ಕಹಗರಿಯ ಆಚೆಗಿನ ಒಣಭೂಮಿಯವರೆಗೆ ಹಬ್ಬಿರುವ ಈ ಐದು ತಾಲ್ಲೂಕುಗಳ ಪ್ರದೇಶವು ಹರಪನಹಳ್ಳಿ, ಜರಿಮಲೆಗಳ ಪಾಳೆಯಗಾರರ ಕಾಲವನ್ನು ಕಳೆದು, 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹಸ್ತಾಂತರವಾಗಿ, ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. ಆದುದರಿಂದ ಮೆಕಾಲೆಯ ಆಯೋಗವು ಕರಡು ಮಾಡಿದ ಭಾರತ ದಂಡ ಸಂಹಿತೆಯು 1862ರ ಜನವರಿ 1ರಂದು ಜಾರಿಗೆ ಬಂದಾಗ ಇಲ್ಲಿನ ಗ್ರಾಮಗಳಿಗೂ ಅದೇ ದಿನ ಅನ್ವಯಿಸಿತು. 1953ರ ಅಕ್ಟೋಬರ್ 1ರಂದು ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಇವೆಲ್ಲವೂ ವಿಜಯನಗರ ಜಿಲ್ಲೆಯೊಳಗೆ ಬಂದವು. ಜಿಲ್ಲೆಗಳು ಇಷ್ಟು ಸಲ ಬದಲಾದರೂ ದಂಡ ಸಂಹಿತೆಯ 299, 300, 302, 304ನೆಯ ಕಲಮುಗಳು ನೂರ ಅರವತ್ತು ವರ್ಷಗಳಿಗೂ ಮಿಕ್ಕು ಅಚಲವಾಗಿ ನಿಂತು, ಕಾನೂನನ್ನು ಓದದ ರೈತನ ಬಾಯಲ್ಲಿಯೂ ‘ಮುನ್ನೂರೆರಡು’ ಎಂದರೆ ಕೊಲೆಯೆಂಬಷ್ಟು ರೂಢವಾದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ ಅನುಕ್ರಮವಾಗಿ 100, 101, 103, 105 ಆಗಿವೆ. ಆ ದಿನಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ.

ತರಭೇದದ ಮರ್ಮವೆಲ್ಲ ಉದ್ದೇಶ ಮತ್ತು ಜ್ಞಾನಗಳೆಂಬ ಎರಡು ವಿಷಯಗಳಲ್ಲಿದೆ. ಕೊಲ್ಲಬೇಕೆಂದೇ ಸಂಕಲ್ಪಿಸಿ ಕೊಂದವನು ಕೊಲೆಗಾರನೆಂಬಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಸ್ವಾಭಾವಿಕ ಕ್ರಮದಲ್ಲಿ ಮರಣವನ್ನುಂಟುಮಾಡಲು ಸಾಕಾಗುವಂಥ ಗಾಯವನ್ನೇ ಬುದ್ಧಿಪೂರ್ವಕವಾಗಿ ಮಾಡಿದವನು, ಸಾವನ್ನು ಬಯಸಿರಲಿಲ್ಲವೆಂದು ಹೇಳಿಕೊಂಡರೂ, ಕೊಲೆಗಾರನೇ ಆಗುವನೆಂದು 1958ರ ವಿರ್ಸಾ ಸಿಂಗ್ ಮೊಕದ್ದಮೆಯಲ್ಲಿ, ಭರ್ಜಿಯ ಒಂದೇ ತಿವಿತದ ಪ್ರಸಂಗದಲ್ಲಿ, ನ್ಯಾಯಮೂರ್ತಿ ವಿವಿಯನ್ ಬೋಸರು ತೀರ್ಮಾನಿಸಿದರು. ಹೊಲದ ಬದುವಿನ ಮೇಲೆ ಇಬ್ಬರಿಗೆ ಮಾತು ಬೆಳೆದು, ಒಬ್ಬನು ಕೈಗೆ ಸಿಕ್ಕ ಬಡಿಗೆಯಿಂದ ಹೊಡೆದು ಇನ್ನೊಬ್ಬನು ಸತ್ತನೆಂದಿಟ್ಟುಕೊಳ್ಳೋಣ: ಪೂರ್ವಸಂಕಲ್ಪವಿಲ್ಲದೆ, ಹಠಾತ್ತಾಗಿ ಎದ್ದ ಕಲಹದ ಆವೇಶದಲ್ಲಿ, ಅನುಚಿತ ಲಾಭವನ್ನು ಪಡೆಯದೆ, ಕ್ರೂರವಾಗಿ ವರ್ತಿಸದೆ ಹೊಡೆದದ್ದಾದರೆ ಅದು ಕೊಲೆಯಿಂದ ಇಳಿದು ದಂಡನೀಯ ನರಹತ್ಯೆಯ ಕಕ್ಷೆಗೆ ಬರುತ್ತದೆ, ಮನೆಗೆ ಹೋಗಿ ಕೊಡಲಿ ತಂದು ಕಾದಿದ್ದು ಹೊಡೆದದ್ದಾದರೆ ಈ ಅಪವಾದದ ಆಶ್ರಯ ದೊರೆಯದು. ತೀವ್ರವೂ ಆಕಸ್ಮಿಕವೂ ಆದ ಪ್ರಚೋದನೆ, ಆತ್ಮರಕ್ಷಣೆಯ ಹಕ್ಕಿನ ಎಲ್ಲೆ ಮೀರಿಕೆ, ಸರ್ಕಾರಿ ನೌಕರನು ಸದ್ಭಾವದಿಂದ ಅಧಿಕಾರ ಮೀರಿದ್ದು, ಹದಿನೆಂಟು ವಯಸ್ಸು ಮೀರಿದವನ ಸಮ್ಮತಿ ಎಂಬವು ಉಳಿದ ಅಪವಾದಗಳು. ಇಂಥ ಮೊಕದ್ದಮೆಗಳಲ್ಲಿ ಶವಪರೀಕ್ಷೆ ಮಾಡಿದ ವೈದ್ಯನು ಆ ಗಾಯವು ಸಾಮಾನ್ಯವಾಗಿ ಮರಣಕ್ಕೆ ಸಾಕೆಂದು ಬರೆದನೋ ಇಲ್ಲವೋ ಎಂಬುದರ ಮೇಲೆ ಎಷ್ಟೋ ವೇಳೆ ಒಬ್ಬನ ಇಡೀ ಆಯುಷ್ಯವು ನಿಲ್ಲುತ್ತದೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಆ ಕಾರ್ಯವು ಅವಸರದಿಂದ ನಡೆಯಲಾಗದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ದಂಡನೆಗಳು ಹೀಗಿವೆ. ಕೊಲೆಗೆ ಮರಣದಂಡನೆ ಇಲ್ಲವೆ ಜೀವಾವಧಿ ಕಾರಾಗೃಹವಾಸ, ಜೊತೆಗೆ ಜುಲ್ಮಾನೆ. ಕೊಲೆಯಾಗದ ನರಹತ್ಯೆಯು ಉದ್ದೇಶಪೂರ್ವಕವಾದಲ್ಲಿ ಜೀವಾವಧಿ, ಅಥವಾ ಹೊಸ ಸಂಹಿತೆಯ ಮೇರೆಗೆ ಐದಕ್ಕೆ ಕಡಮೆಯಲ್ಲದ, ಹತ್ತು ವರ್ಷಗಳವರೆಗಿನ ಸೆರೆ. ಕೇವಲ ಜ್ಞಾನಪೂರ್ವಕವಾದಲ್ಲಿ ಹತ್ತು ವರ್ಷಗಳವರೆಗೆ. ಕೂಡ್ಲಿಗಿಯ ಮೇಲೆ ಹಾಯುವ ಹೆದ್ದಾರಿಯಲ್ಲಿ ಅಜಾಗರೂಕತೆಯಿಂದ ವಾಹನ ನಡೆಸಿ ಪ್ರಾಣಹಾನಿ ಮಾಡಿದಲ್ಲಿ ಮೊದಲು ಎರಡು ವರ್ಷಗಳಿದ್ದ ಪರಮಾವಧಿ ಈಗ ಐದಕ್ಕೇರಿದೆ. ವರದಕ್ಷಿಣೆಯ ಸಾವಿಗೆ ಏಳು ವರ್ಷಗಳಿಂದ ಜೀವಾವಧಿಯವರೆಗೆ. ಐವರು ಅಥವಾ ಹೆಚ್ಚು ಜನ ಕೂಡಿ ಜಾತಿ, ಭಾಷೆ, ಹುಟ್ಟಿದ ಸ್ಥಳ, ನಂಬಿಕೆ ಮೊದಲಾದವುಗಳ ಕಾರಣದಿಂದ ಕೊಂದರೆ ಅವರಲ್ಲಿ ಪ್ರತಿಯೊಬ್ಬನೂ ಕೊಲೆಯ ದಂಡನೆಗೇ ಗುರಿಯಾಗುವನೆಂಬುದು ಹೊಸತಾಗಿ ಬಂದ, ಬಹುಕಾಲದಿಂದ ಬರಬೇಕಾಗಿದ್ದ ವಿಧಿ.

ಗಾಂಧೀಜಿಯವರ ಚಿತಾಭಸ್ಮದ ಮೇಲೆ ಸ್ಮಾರಕವನ್ನೆತ್ತಿ ಪೂಜ್ಯಭಾವದಿಂದ ಕಾಪಾಡಿಕೊಂಡಿರುವ ಊರು ಕೂಡ್ಲಿಗಿ. ಆ ಮಹಾತ್ಮರ ಕೊಲೆಯ ಮೊಕದ್ದಮೆಯೇ ಒಂದು ಕೃತ್ಯದಲ್ಲಿ ಹಲವರ ಹೊಣೆಯನ್ನು ಅಳೆಯುವುದೆಂತೆಂಬುದಕ್ಕೆ ಉತ್ತಮ ನಿದರ್ಶನ. 1949ರ ಫೆಬ್ರವರಿ 10ರಂದು ದೆಹಲಿಯ ಕೆಂಪುಕೋಟೆಯಲ್ಲಿ ನ್ಯಾಯಾಧೀಶ ಆತ್ಮಚರಣರು ಗುಂಡಿಟ್ಟ ನಾಥೂರಾಮ ಗೋಡ್ಸೆಗೂ ಸಂಚಿನಲ್ಲಿ ಮುಂದಾಗಿದ್ದ ನಾರಾಯಣ ಆಪ್ಟೆಗೂ ಮರಣದಂಡನೆಯನ್ನು, ಐವರಿಗೆ ಜೀವಾವಧಿಯನ್ನು ವಿಧಿಸಿ, ಸಾವರ್ಕರರನ್ನು ಬಿಡುಗಡೆ ಮಾಡಿದರು; ಮೇಲ್ಮನವಿಯಲ್ಲಿ ಆ ಐವರ ಪೈಕಿ ಇಬ್ಬರು ಬಿಡುಗಡೆ ಹೊಂದಿದರು. ಹಾಗೆ ಜೀವಾವಧಿಗೆ ಗುರಿಯಾದ ಗೋಪಾಲ ಗೋಡ್ಸೆಯ ಅರ್ಜಿಯ ಮೇಲೆಯೇ 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಜೀವಾವಧಿಯೆಂದರೆ ಹದಿನಾಲ್ಕೋ ಇಪ್ಪತ್ತೋ ವರ್ಷಗಳಲ್ಲ, ಸರ್ಕಾರವು ಕ್ಷಮಾದಾನದಿಂದ ತಗ್ಗಿಸದ ಹೊರತು ಅಪರಾಧಿಯ ಶೇಷಾಯುಷ್ಯವೆಲ್ಲವೂ ಎಂದು ನಿರ್ಣಯಿಸಿತು. ಹದಿನಾಲ್ಕು ವರ್ಷಗಳೆಂಬ ಲೋಕರೂಢಿಯ ನಂಬಿಕೆಗೆ ಎಡೆಗೊಡುವಂಥದು ದಂಡ ಪ್ರಕ್ರಿಯಾ ಸಂಹಿತೆಯ 1978ರ ತಿದ್ದುಪಡಿ. ಅದು ಬಿಡುಗಡೆಗೆ ಕನಿಷ್ಠ ಮಿತಿಯನ್ನು ಹಾಕಿತೇ ಹೊರತು ಬಿಡುಗಡೆಯ ಹಕ್ಕನ್ನು ಕೊಡಲಿಲ್ಲ. ಕರ್ನಾಟಕದಿಂದಲೇ ಹೋದ ಸ್ವಾಮಿ ಶ್ರದ್ಧಾನಂದನ ಮೊಕದ್ದಮೆಯಲ್ಲಿ 2008ರಲ್ಲಿ ಅದೇ ನ್ಯಾಯಾಲಯವು ಮರಣದಂಡನೆಯನ್ನು ಕಳೆದು, ಕ್ಷಮಾದಾನದ ರಿಯಾಯಿತಿಯಿಲ್ಲದ ಆಜೀವ ಸೆರೆಯೆಂಬ ಮಧ್ಯಮಮಾರ್ಗವನ್ನು ತೆರೆಯಿತು.

ಬಳ್ಳಾರಿಯು ಮೈಸೂರಿಗೆ ಸೇರಿದ ವರ್ಷದಲ್ಲಿ ಕೊಲೆಗಾರನಿಗೆ ಮರಣದಂಡನೆ ವಿಧಿಸದ ನ್ಯಾಯಾಧೀಶನು ಅದಕ್ಕೆ ಕಾರಣವನ್ನು ಬರೆಯಬೇಕಾಗಿತ್ತು. 1955ರಲ್ಲಿ ಆ ನಿಯಮವು ಹೋಗಿ, 1974ರಿಂದ ಜಾರಿಗೆ ಬಂದ ಪ್ರಕ್ರಿಯಾ ಸಂಹಿತೆಯಲ್ಲಿ ಅದು ತಲೆಕೆಳಗಾಗಿ, ಮರಣದಂಡನೆಗೇ ವಿಶೇಷ ಕಾರಣಗಳು ಬೇಕಾದವು. 1980ರ ಬಚನ್ ಸಿಂಗ್ ತೀರ್ಪು ಅದನ್ನು ಅಪೂರ್ವದಲ್ಲಿ ಅಪೂರ್ವವಾದ ಪ್ರಸಂಗಗಳಿಗೆ ಮೀಸಲಿಟ್ಟಿತು.

ಅಜಾಗರೂಕತೆಯ ಮರಣದ ವಿಚಾರಣೆಯು ತಾಲ್ಲೂಕಿನ ಮ್ಯಾಜಿಸ್ಟ್ರೇಟರಲ್ಲಿಯೇ ಮುಗಿಯುತ್ತದೆ; ಕೊಲೆಯದಾದರೆ ಅವರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಅಲ್ಲಿ ವಿಧಿಸಿದ ಮರಣದಂಡನೆಯು, ಅಪರಾಧಿಯು ಮೇಲ್ಮನವಿ ಸಲ್ಲಿಸಲಿ ಬಿಡಲಿ, ಉಚ್ಚ ನ್ಯಾಯಾಲಯವು ಸ್ಥಿರೀಕರಿಸುವವರೆಗೆ ಕಾರ್ಯಗತವಾಗುವಂತಿಲ್ಲ. 2008ಕ್ಕೆ ಮೊದಲು ಅದಕ್ಕಾಗಿ ಬೆಂಗಳೂರಿಗೆ ಹೋಗುತ್ತಿದ್ದ ಬಳ್ಳಾರಿ ಸೀಮೆಯ ಕಡತಗಳು ಆ ವರ್ಷದ ಜುಲೈಯಿಂದ ಧಾರವಾಡದ ಪೀಠಕ್ಕೆ ಹೋಗುತ್ತವೆ.