ಕಿರುವಿಮಾನಗಳ ಇತಿಹಾಸ

ದೊಡ್ಡ ವಸ್ತುವನ್ನು ನೋಡಿ ಅದರ ಚಿಕ್ಕ ಪ್ರತಿಕೃತಿಯನ್ನು ಮಾಡುವುದು ಲೋಕರೂಢಿಯಾಗಿದೆ. ಊರಿನ ರಥವನ್ನು ಕಂಡ ಮೇಲೆಯೇ ಮಗುವು ಮರದ ರಥವನ್ನು ಬೇಡುವುದು. ವಿಮಾನದ ವಿಷಯದಲ್ಲಾದರೋ ಈ ಕ್ರಮವು ತಿರುಗುಮುರುಗಾಗಿರುವುದು. ಮನುಷ್ಯನನ್ನು ಹೊತ್ತ ವಿಮಾನವು ಹುಟ್ಟುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಆಟದ ವಿಮಾನವು ಹಾರಿದ್ದಿತು. ಆದುದರಿಂದ ಕಿರುವಿಮಾನವನ್ನು ದೊಡ್ಡ ವಿಮಾನದ ನಕಲೆನ್ನುವುದಕ್ಕಿಂತ ಅದರ ಅಗ್ರಜನೆನ್ನುವುದೇ ಯುಕ್ತವಾಗಿ ತೋರುವುದು. ಈ ಮಾತಿಗೆ ಇತಿಹಾಸದಲ್ಲಿರುವ ಆಧಾರವನ್ನು ಪರಿಶೀಲಿಸೋಣ.

ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ ಎಂಬವನು 1804ರಲ್ಲಿ ಗಾಳಿಪಟವನ್ನೇ ರೆಕ್ಕೆಯನ್ನಾಗಿ ಕೋಲಿಗೆ ಬಿಗಿದು, ಹಿಂಬದಿಗೆ ಬಾಲವನ್ನಿಟ್ಟು, ಗಾಳಿಯಲ್ಲಿ ತೇಲುವ ಸಣ್ಣ ಯಂತ್ರವೊಂದನ್ನು ರಚಿಸಿದನು. ಅನಂತರ 1871ನೆಯ ಆಗಸ್ಟ್ 18ರಂದು ಪ್ಯಾರಿಸ್ ನಗರದ ಟ್ಯುಲರೀ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೋ ಎಂಬ ತರುಣನು, ತಿರುಚಿದ ರಬ್ಬರಿನ ಶಕ್ತಿಯಿಂದ ನಡೆಯುವ ವಿಮಾನವನ್ನು 11 ಸೆಕೆಂಡುಗಳ ಕಾಲ ಹಾರಿಸಿ ತೋರಿಸಿದನು. ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಲವನ್ನು ತಕ್ಕ ಕೋನದಲ್ಲಿ ನಿಲ್ಲಿಸಿದರೆ ವಿಮಾನವು ತಾನಾಗಿಯೇ ಸಮತೋಲವನ್ನು ಕಾಪಾಡಿಕೊಳ್ಳುವುದೆಂಬ ತತ್ತ್ವವು ಅದರಿಂದ ಸಿದ್ಧವಾಯಿತು. 1878ರಲ್ಲಿ ಅಮೆರಿಕದ ಪಾದ್ರಿ ಮಿಲ್ಟನ್ ರೈಟ್ ತನ್ನ ಮಕ್ಕಳಿಗೆ ತಂದುಕೊಟ್ಟ, ರಬ್ಬರಿನ ಬಲದಿಂದ ಮೇಲೇರುವ ಆಟಿಕೆಯೂ ಪೆನೋ ಕಲ್ಪಿಸಿದ ಮಾದರಿಯದೇ. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್. ದೊಡ್ಡ ವಿಮಾನವನ್ನು ಕಟ್ಟಲು ಸಹಾಯ ದೊರೆಯದೆ ಪೆನೋ 1880ರಲ್ಲಿ, ತನ್ನ 30ನೆಯ ವಯಸ್ಸಿನಲ್ಲಿ, ಪ್ರಾಣವನ್ನು ನೀಗಿಕೊಂಡನು. ತನ್ನ ಆಟಿಕೆಯು ಎಲ್ಲಿಗೆ ಮುಟ್ಟಿತೆಂಬುದನ್ನು ಅರಿಯಲಿಲ್ಲ.

1896ನೆಯ ಮೇ 6ರಂದು ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಉಗಿಯಂತ್ರದ ನಿರ್ಜನ ವಿಮಾನವು ಪೊಟೋಮ್ಯಾಕ್ ನದಿಯ ಮೇಲೆ 3,000 ಅಡಿಗಳಿಗೂ ಮೀರಿ ಹಾರಿತು. ಆದರೆ ಅವನೇ ಮನುಷ್ಯನಿಗಾಗಿ ಕಟ್ಟಿದ ದೊಡ್ಡ ವಿಮಾನವು 1903ರಲ್ಲಿ ಎರಡು ಸಲ ನದಿಗೆ ಬಿದ್ದಿತು. ಅದೇ ವರ್ಷದ ಡಿಸೆಂಬರ್ 17ರಂದು ರೈಟ್ ಸೋದರರು ಗೆದ್ದರು. ಹಾರುವುದು ಬೇರೆ, ಹಾರಾಟವನ್ನು ಆಳುವುದು ಬೇರೆ ಎಂಬುದನ್ನು ಅವರು ಚೆನ್ನಾಗಿ ತಿಳಿದಿದ್ದರು.

ಆಳುವ ಈ ವಿದ್ಯೆಯು ಕಿರುವಿಮಾನಕ್ಕೆ ರೇಡಿಯೋದ ಮೂಲಕ ಬಂದಿತು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ದೋಣಿಯನ್ನು ನಡೆಸಿದ್ದನು. 1937ರಲ್ಲಿ ಅಮೆರಿಕದ ಕಲಮಜೂ ಎಂಬ ಊರಿನಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ರೇಡಿಯೋ ಚುಕ್ಕಾಣಿಯ ವಿಮಾನವನ್ನು ಹಾರಿಸಿದರು. ವಾಲ್ವುಗಳೂ ಬ್ಯಾಟರಿಗಳೂ ಭಾರವಾಗಿದ್ದುದರಿಂದ ಅದರ ರೆಕ್ಕೆಗೆ 8 ಅಡಿಗಳ ಉದ್ದವು ಬೇಕಾಯಿತು. ಅದೇ ಕಾಲದಲ್ಲಿ ಕಿರುವಿಮಾನಗಳ ಅಂಗಡಿಯನ್ನಿಟ್ಟಿದ್ದ ಚಲಚ್ಚಿತ್ರ ನಟ ರೆಜಿನಾಲ್ಡ್ ಡೆನ್ನಿಯ ಸಂಸ್ಥೆಯು, ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಯವರ ಗುರಿ ಅಭ್ಯಾಸಕ್ಕಾಗಿ ಸಾವಿರಾರು ನಿರ್ಜನ ವಿಮಾನಗಳನ್ನು ಸೈನ್ಯಕ್ಕೆ ಒದಗಿಸಿತು. ಹೀಗೆ ಆಟಿಕೆಯು ಆಯುಧಶಾಲೆಯನ್ನೂ ಹೊಕ್ಕಿತು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ರೇಡಿಯೋವನ್ನು ಹಗುರಗೊಳಿಸಿತು.

ಉಳಿದುದು ಬೀಳುವ ಭಯ. ಬಾಲ್ಸಾ ಮರದ ಎಲುಬುಗಳನ್ನು ಕೂಡಿಸಿ, ತೆಳುಕಾಗದವನ್ನು ಹೊದಿಸಿ, ವಾರಗಟ್ಟಲೆ ಕಟ್ಟಿದ ರೆಕ್ಕೆಯು ಒಂದು ಕ್ಷಣದಲ್ಲಿ ನುಚ್ಚುನೂರಾಗುವುದು. ಈ ಭಯವನ್ನು ಕಳೆದುದು ಫೋಮ್. ನಮ್ಮವರು ಥರ್ಮಾಕೋಲ್ ಎನ್ನುವ ಪದಾರ್ಥವೂ ಇದೇ ಜಾತಿಗೆ ಸೇರಿದುದು. ಹರಿತವಾದ ಚಾಕು ಅಥವಾ ಕಾಯಿಸಿದ ತಂತಿಯಿಂದ ಹಲಗೆಯನ್ನು ಕೊಯ್ದು, ಬಳುಕದಂತೆ ಬಿದಿರಿನ ಕಡ್ಡಿಯನ್ನು ಹುದುಗಿಸಿ, ಥರ್ಮಾಕೋಲನ್ನು ಕರಗಿಸದಂಥ ಅಂಟಿನಿಂದ ಕೂಡಿಸಿದರೆ ಒಂದೆರಡು ದಿನಗಳಲ್ಲಿ ವಿಮಾನದ ಒಡಲು ಸಿದ್ಧವಾಗುವುದು. ಮುರಿದರೆ ಬಯಲಿನಲ್ಲಿಯೇ ಅಂಟಿಸಬಹುದು.

ಇಲ್ಲಿ ಕ್ಲೈನ್ ಮತ್ತು ಫೋಗಲ್‌ಮನ್ ಎಂಬಿಬ್ಬರ ವೃತ್ತಾಂತವು ಸ್ಮರಣೀಯ. ಕಾಗದದ ವಿಮಾನವನ್ನು ಮಡಿಸುತ್ತ ಕಂಡುಕೊಂಡ ಮೆಟ್ಟಿಲಾಕಾರದ ರೆಕ್ಕೆಗೆ ಅವರು 1972ರಲ್ಲಿ ಪೇಟೆಂಟ್ ಪಡೆದರು. ನಾಸಾ ಸಂಸ್ಥೆಯು 1974ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎತ್ತುವ ಬಲಕ್ಕೂ ಗಾಳಿಯ ತಡೆಗೂ ಇರುವ ಪ್ರಮಾಣವು ಚಪ್ಪಟೆ ಹಲಗೆಗಿಂತಲೂ ಈ ರೆಕ್ಕೆಯಲ್ಲಿ ಕಡಿಮೆಯೆಂದು ಕಂಡಿತು. ದೊಡ್ಡ ವಿಮಾನಗಳು ತ್ಯಜಿಸಿದ ಆ ರೆಕ್ಕೆಯನ್ನು ಫೋಮ್ ವಿಮಾನದವರು ಆದರಿಸಿದರು. ಒಂದು ಹಾಳೆಯ ಮೇಲೆ ಇನ್ನೊಂದನ್ನು ಅಂಟಿಸಿದರೆ ಅದು ಬಲವಾಗಿಯೂ ಸುಲಭವಾಗಿಯೂ ಆಗುವುದಷ್ಟೆ.

ಭಾರತದ 2021ರ ಡ್ರೋನ್ ನಿಯಮಗಳು, 25 ಕಿಲೋಗ್ರಾಂ ಮೀರದೆ, ಕಣ್ಣಳವಿಯಲ್ಲಿಯೇ, ವಿದ್ಯಾಭ್ಯಾಸ, ಸಂಶೋಧನೆ ಅಥವಾ ವಿನೋದಗಳಿಗಾಗಿ ಹಾರುವ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಗಣಿಸಿವೆ. ನಿಷಿದ್ಧ ವಲಯಗಳನ್ನು ತಿಳಿದು ಹಾರಿಸುವುದು ಕರ್ತವ್ಯ. ಆದರೆ ಈಗ ಅಂಗಡಿಯಲ್ಲಿ ದೊರೆಯುವ ಸಿದ್ಧ ಯಂತ್ರಗಳು ತಾವೇ ಸಮತೋಲವನ್ನು ನೋಡಿಕೊಳ್ಳುವುದರಿಂದ, ಪೆನೋ ತನ್ನ ಕೈಯಿಂದ ಕಂಡುಕೊಂಡುದು ಹುಡುಗರ ಕೈಗೆ ಬಾರದೆ ಹೋಗುವ ಅಪಾಯವಿದೆ. ಭಾರವು ಎಲ್ಲಿರಬೇಕು, ಬಾಲವು ಎಷ್ಟು ಬಾಗಬೇಕು ಎಂಬುದನ್ನು ಬಿದ್ದ ವಿಮಾನವು ಕಲಿಸುವಷ್ಟು ಸ್ಫುಟವಾಗಿ ಪುಸ್ತಕವು ಕಲಿಸಲಾರದು. ಒಂದು ಹಲಗೆಯನ್ನೂ ಒಂದು ಚಾಕುವನ್ನೂ ಮಕ್ಕಳಿಗೆ ಕೊಟ್ಟು, ಹತ್ತು ಸಲ ಬೀಳಿಸುವ ಸ್ವಾತಂತ್ರ್ಯವನ್ನೂ ಹಿರಿಯರು ಕೊಡುವುದಾದರೆ ಆ ವಿದ್ಯೆಯು ಉಳಿಯುವುದು.